ಹತ್ತಿರದ ಶಾಲೆಯೋ, ದೂರದ ಶಾಲೆಯೋ: ತೀರ್ಮಾನಕ್ಕೆ ಬರುವ ಕ್ರಮ

ಪ್ರಾಥಮಿಕ ಶಾಲೆಯ ಆಯ್ಕೆಯಲ್ಲಿ ಹೆಚ್ಚಿನ ಮನೆಗಳು ಎಡವುವುದು ಒಂದೇ ಜಾಗದಲ್ಲಿ. ಮೊದಲು ಶಾಲೆ ನೋಡುತ್ತಾರೆ, ಮನಸೋಲುತ್ತಾರೆ, ದಾರಿಯ ಮಾತು ಬಂದಾಗ ‘ಹೇಗೋ ಹೊಂದಿಸಿಕೊಂಡರಾಯಿತು’ ಎನ್ನುತ್ತಾರೆ. ಮೂರನೇ ತಿಂಗಳಿಗೆ ಬೆಳಗ್ಗೆ ಏಳಿಸುವುದೇ ಒಂದು ಜಗಳ, ಸಂಜೆ ಹೋಂವರ್ಕ್ ಮಾಡಿಸುವುದು ಇನ್ನೊಂದು. ಅಷ್ಟರಲ್ಲಿ ಹತ್ತಿರದ ಶಾಲೆಯ ಸೀಟು ತುಂಬಿರುತ್ತದೆ.

ಕೆಳಗಿನ ಕ್ರಮದಲ್ಲಿ ಮೊದಲು ನಿಯಮ, ಆಮೇಲೆ ದಾರಿ, ಆಮೇಲೆ ಮಗುವಿನ ದಿನಚರಿ, ಇಷ್ಟು ಮುಗಿದ ಮೇಲೆಯೇ ತರಗತಿ. ಹತ್ತಿರದ ಶಾಲೆಯೇ ಮೊದಲ ಆಯ್ಕೆ ಎಂದು ಹಿಡಿದು, ದೂರದ ಶಾಲೆ ತನ್ನ ದೂರಕ್ಕೆ ತಕ್ಕ ಕಾರಣ ಕೊಡುತ್ತದೆಯೇ ಎಂದು ಪರೀಕ್ಷಿಸುವುದು ಇಲ್ಲಿಯ ರೀತಿ. ಕೊಟ್ಟರೆ ಹೋಗಿ, ಹಿಂಜರಿಯಬೇಡಿ.

ಬೇಕಾಗುವ ಸಾಮಾನು ಕಡಿಮೆ: ಒಂದು ನೋಟ್‌ಬುಕ್, ಫೋನಿನ ಸ್ಟಾಪ್‌ವಾಚ್, ಎರಡೂ ಶಾಲೆಗಳ ವೇಳಾಪಟ್ಟಿ ಮತ್ತು ರಜೆಯ ಪಟ್ಟಿ. ಅರ್ಜಿಯ ಕೊನೆಯ ದಿನಕ್ಕೆ ಮೂರು ತಿಂಗಳಾದರೂ ಇರುವಾಗ ಶುರು ಮಾಡಿ. ಎರಡು ವಾರದಲ್ಲಿ ಮುಗಿಸಲು ಹೋದರೆ ಪ್ರಯಾಣದ ಪರೀಕ್ಷೆಯನ್ನೇ ಬಿಟ್ಟುಬಿಡುತ್ತೀರಿ, ಬಿಡಬಾರದ್ದು ಅದೊಂದೇ.

## ಹಂತ 1: ಸೀಟು ಸಿಗುವ ಸಾಧ್ಯತೆ ಇದೆಯೇ ಎಂದು ಮೊದಲು ತಿಳಿಯಿರಿ

ಎರಡೂ ಶಾಲೆಗಳ ಕಚೇರಿಯಲ್ಲಿ ಐದು ವಿಷಯ ಕೇಳಿ ಬರೆದುಕೊಳ್ಳಿ: ಅರ್ಜಿಯ ಕೊನೆಯ ದಿನ, ಯಾವ ದಿನಾಂಕಕ್ಕೆ ಎಷ್ಟು ವಯಸ್ಸು ತುಂಬಿರಬೇಕು, ವಾಸಸ್ಥಳದ ಮಿತಿ ಇದೆಯೇ, ಅಣ್ಣ ಅಕ್ಕ ಅಲ್ಲೇ ಓದುತ್ತಿದ್ದರೆ ಆದ್ಯತೆ ಇದೆಯೇ, ಯಾವ ದಾಖಲೆಗಳು ಬೇಕು.

ಮನೆಗೆ ಹತ್ತಿರವಿರುವವರಿಗೆ ಮೊದಲ ಸೀಟು ಎನ್ನುವ ಶಾಲೆಯಾದರೆ ದೂರವನ್ನು ಹೇಗೆ ಅಳೆಯುತ್ತಾರೆ ಎಂದೂ ಕೇಳಿ. ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆಯುವುದಕ್ಕೂ ನಡೆಯುವ ದಾರಿಯನ್ನು ಅಳೆಯುವುದಕ್ಕೂ ಅಂತರ ದೊಡ್ಡದು. ನಡುವೆ ರೈಲ್ವೆ ಹಳಿಯೋ ಹೊಳೆಯೋ ಇದ್ದರಂತೂ ಹೇಳುವುದೇ ಬೇಡ.

ಇಲ್ಲಿ ಆಗುವ ತಪ್ಪು: ದೂರದ ಶಾಲೆಯ ಉತ್ತರಕ್ಕೆ ಕಾಯುತ್ತಾ ಹತ್ತಿರದ ಶಾಲೆಯ ಕೊನೆಯ ದಿನವನ್ನು ಕೈಬಿಡುವುದು. ಎರಡಕ್ಕೂ ಅರ್ಜಿ ಹಾಕಿ. ಕಾಯುವ ಪಟ್ಟಿಯಲ್ಲಿ ಹೆಸರಿದೆ ಎಂದರೆ ಸೀಟು ಇದೆ ಎಂದಲ್ಲ.

## ಹಂತ 2: ಮನೆಯ ಹೊಸ್ತಿಲಿನಿಂದ ತರಗತಿಯ ಬಾಗಿಲವರೆಗೆ ಸಮಯ ಅಳೆಯಿರಿ

ಎಷ್ಟು ಕಿಲೋಮೀಟರ್ ಎನ್ನುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಫೋನಿನ ನಕ್ಷೆ ತೋರಿಸುವ ನಿಮಿಷಗಳೂ ಗಾಡಿ ಓಡುವಷ್ಟು ಹೊತ್ತಿನವು ಮಾತ್ರ. ಶೂ ಹಾಕುವುದು, ಮೆಟ್ಟಿಲಿಳಿಯುವುದು, ಬಸ್ಸಿಗೆ ಕಾಯುವುದು, ಗೇಟಿನ ಮುಂದೆ ವಾಹನಗಳ ಸಾಲು, ಗೇಟಿನಿಂದ ತರಗತಿಗೆ ನಡಿಗೆ, ಇವೆಲ್ಲ ಅದರ ಲೆಕ್ಕಕ್ಕೆ ಬರುವುದಿಲ್ಲ. ಆರು ವರ್ಷದ ಮಗು ದಾರಿಯಲ್ಲಿ ಇರುವೆ ಸಾಲು ನೋಡುತ್ತಾ ನಿಲ್ಲುವ ಹೊತ್ತನ್ನೂ ನೀವೇ ಸೇರಿಸಿಕೊಳ್ಳಬೇಕು.

ಶಾಲೆ ನಡೆಯುತ್ತಿರುವ ದಿನಗಳಲ್ಲೇ ಅಳೆಯಿರಿ. ರಜೆಯಲ್ಲಿ ಖಾಲಿ ರಸ್ತೆಯಲ್ಲಿ ಹೋಗಿಬಂದು ‘ಇಪ್ಪತ್ತೇ ನಿಮಿಷ’ ಎಂದುಕೊಂಡವರು ಬಹಳ. ಕನಿಷ್ಠ ಮೂರು ಬೆಳಗ್ಗೆ, ಎರಡು ಸಂಜೆ, ಅದರಲ್ಲಿ ಒಂದಾದರೂ ಮಳೆಯ ದಿನ. ಸಾಧ್ಯವಿದ್ದಷ್ಟೂ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ. ಬಂದ ಅಂಕಿಗಳ ಸರಾಸರಿ ತೆಗೆಯಬೇಡಿ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದ ದಿನದ ಅಂಕಿಯನ್ನೇ ಇಟ್ಟುಕೊಳ್ಳಿ. ಬೆಳಗಿನ ಗಂಟೆಗೆ ಸರಾಸರಿ ಗೊತ್ತಿಲ್ಲ, ತಡವಾದರೆ ತಡವೇ.

ಶಾಲಾ ವ್ಯಾನ್ ಅಥವಾ ಬಸ್ಸಾದರೆ ಒಂದು ಪ್ರಶ್ನೆ ತಪ್ಪದೆ ಕೇಳಿ: ನಮ್ಮ ಮಗು ಹತ್ತುವುದು ಎಷ್ಟನೆಯ ನಿಲ್ದಾಣದಲ್ಲಿ? ಮೊದಲು ಹತ್ತುವ ಮಗು ಉಳಿದವರೆಲ್ಲರ ಮನೆ ಸುತ್ತಿಕೊಂಡು ಹೋಗುತ್ತದೆ. ನೇರವಾಗಿ ಹೋದರೆ 20 ನಿಮಿಷದ ದಾರಿ ಹೀಗೆ 50 ನಿಮಿಷವಾಗುವುದು ಮಾಮೂಲು. ಸಂಜೆ ಯಾವ ಕ್ರಮದಲ್ಲಿ ಇಳಿಸುತ್ತಾರೆ, ವರ್ಷದ ನಡುವೆ ಹೊಸ ಮಕ್ಕಳು ಸೇರಿದರೆ ಮಾರ್ಗ ಬದಲಾಗುತ್ತದೆಯೇ ಎನ್ನುವುದನ್ನೂ ಕೇಳಿ.

ಈಗ ವರ್ಷದ ಲೆಕ್ಕ. ಹತ್ತಿರದ ಶಾಲೆಗಿಂತ ದೂರದ್ದಕ್ಕೆ ಒಂದು ಸಲಕ್ಕೆ 25 ನಿಮಿಷ ಹೆಚ್ಚು ಎಂದುಕೊಳ್ಳಿ. ದಿನಕ್ಕೆ 50 ನಿಮಿಷ. ಶಾಲೆ 200 ದಿನ ನಡೆದರೆ 10,000 ನಿಮಿಷ, ಅಂದರೆ ಸುಮಾರು 166 ಗಂಟೆ. ದಿನಕ್ಕೆ ಐದು ಗಂಟೆ ಪಾಠ ಎಂದು ಹಿಡಿದರೆ 33 ದಿನಗಳ ಪಾಠದಷ್ಟು ಹೊತ್ತು ಬರೀ ಹೆಚ್ಚುವರಿ ಪ್ರಯಾಣಕ್ಕೆ ಹೋಯಿತು. ಬಿಟ್ಟು ಬರುವವರು, ಕರೆತರುವವರು ನೀವೇ ಆದರೆ ನಿಮ್ಮದು ದಿನಕ್ಕೆ ನಾಲ್ಕು ಪಯಣ, ಆದ್ದರಿಂದ ಇದರ ಎರಡರಷ್ಟು.

ನಮ್ಮ ಅಂದಾಜು ಹೀಗಿದೆ. ಎರಡೂ ಶಾಲೆಗಳು 20 ನಿಮಿಷದೊಳಗೆ ಇದ್ದರೆ ದೂರದ ವಿಷಯ ಮರೆತು ತರಗತಿ ನೋಡಿ. ಒಂದು ಬದಿಗೆ 20ರಿಂದ 40 ನಿಮಿಷವಾದರೆ ಸ್ಪಷ್ಟ ಕಾರಣ ಬೇಕು. 45 ದಾಟಿದರೆ, ಅದೂ ಒಂದನೇ ಎರಡನೇ ತರಗತಿಯ ಮಗುವಿಗೆ, ಬೇರೆ ದಾರಿಯೇ ಇಲ್ಲ ಎನ್ನುವಂಥ ಕಾರಣವಿರಬೇಕು.

## ಹಂತ 3: ಮಗುವಿನ ದಿನವನ್ನು ಹಿಂದಿನಿಂದ ಮುಂದಕ್ಕೆ ಬರೆಯಿರಿ

ಎರಡು ಹಾಳೆ ತೆಗೆದುಕೊಂಡು ಒಂದೊಂದು ಶಾಲೆಗೆ ಒಂದೊಂದು ದಿನಚರಿ ಬರೆಯಿರಿ. ಶಾಲೆಯ ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋಗಿ.

ಪಾಠ 8:30ಕ್ಕೆ ಶುರುವಾದರೆ ಗೇಟಿನಲ್ಲಿ 8:20ಕ್ಕೆ ಇರಬೇಕು. ಪ್ರಯಾಣ 50 ನಿಮಿಷವಾದರೆ 7:30ಕ್ಕೆ ಹೊರಡಬೇಕು, 6:30ಕ್ಕೆ ಏಳಬೇಕು. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದಂತೆ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಹತ್ತು ಗಂಟೆ ಎಂದು ಹಿಡಿದರೆ ರಾತ್ರಿ 8:30ಕ್ಕೆ ಮಗು ನಿದ್ದೆಯಲ್ಲಿರಬೇಕು, 8ಕ್ಕೇ ಹಾಸಿಗೆಗೆ ಹೋಗಬೇಕು. ಮನೆಯಲ್ಲಿ ಯಾರಾದರೂ ಕೆಲಸ ಮುಗಿಸಿ ಬರುವುದೇ ಎಂಟೂವರೆಗೆ ಎಂದಾದರೆ ವಾರದ ದಿನಗಳಲ್ಲಿ ಅವರಿಗೆ ಎಚ್ಚರವಿರುವ ಮಗು ಸಿಗುವುದಿಲ್ಲ. ಇದನ್ನು ಹಾಳೆಯ ಮೇಲೆ ಬರೆಯುವವರೆಗೂ ಯಾರಿಗೂ ಹೊಳೆಯುವುದಿಲ್ಲ.

ಸಂಜೆಯ ಲೆಕ್ಕವೂ ಇರಲಿ. 3:40ಕ್ಕೆ ಗೇಟು ಬಿಟ್ಟರೆ ದೂರದ ಶಾಲೆಯ ಮಗು 4:30ಕ್ಕೆ ಮನೆಯಲ್ಲಿ. ಬಟ್ಟೆ ಬದಲಿಸಿ ತಿನ್ನಲು ಅರ್ಧ ಗಂಟೆ, ಹೋಂವರ್ಕಿಗೆ 40 ನಿಮಿಷ, ಸ್ನಾನ ಊಟಕ್ಕೆ ಒಂದು ಗಂಟೆ ತೆಗೆದರೆ 8ರೊಳಗೆ ಉಳಿಯುವುದು 80 ನಿಮಿಷ. 12 ನಿಮಿಷದ ದಾರಿಯಲ್ಲಿರುವ ಶಾಲೆಯ ಮಗು 3:52ಕ್ಕೇ ಮನೆ ಸೇರುತ್ತದೆ. ಬೆಳಗ್ಗೆ ತಡವಾಗಿ ಎದ್ದರೂ ನಡೆಯುವುದರಿಂದ 8:40ಕ್ಕೆ ಮಲಗಿದರೆ ಸಾಕು. ಅದಕ್ಕೆ ಎರಡೂವರೆ ಗಂಟೆಗೂ ಹೆಚ್ಚು ಬಿಡುವು. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಆಟ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 80 ನಿಮಿಷದಲ್ಲಿ ಅದನ್ನು ಹೇಗೋ ತೂರಿಸಬಹುದು, ಆದರೆ ಸಂಗೀತವೋ ಟ್ಯೂಷನ್ನೋ ಒಂದು ಸೇರಿದರೆ ಮೊದಲು ಹೋಗುವುದೇ ಆಟ.

‘ವ್ಯಾನಿನಲ್ಲೇ ಹೋಂವರ್ಕ್ ಮುಗಿಸಿಕೊಳ್ಳಲಿ’ ಎನ್ನುವ ಉಪಾಯ ನಡೆಯುವುದಿಲ್ಲ. ಓಡುವ ವಾಹನದಲ್ಲಿ ತಲೆಸುತ್ತು, ವಾಕರಿಕೆ ಸಣ್ಣ ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು; ತಲೆ ತಗ್ಗಿಸಿ ಓದಿದರೆ ಅದು ಇನ್ನೂ ಏರುತ್ತದೆ. ವ್ಯಾನಿನಲ್ಲಿ ನಿದ್ದೆ ಮಾಡಲಿ ಎನ್ನುವುದೂ ಅರ್ಧ ಉಪಾಯವೇ: ಸಂಜೆ ಐದರ ಹೊತ್ತಿಗೆ ಅರ್ಧ ಗಂಟೆ ಮಲಗಿದ ಮಗು ರಾತ್ರಿ ಎಂಟಕ್ಕೆ ಮಲಗುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಯಾರೂ ಕೇಳದ್ದು. ಶಾಲೆಯ ಶೌಚಾಲಯಕ್ಕೆ ಹೋಗಲು ಹಿಂಜರಿದು ತಡೆದುಕೊಳ್ಳುವ ಮಕ್ಕಳಿಗೆ ಪ್ರಯಾಣದ ಹೊತ್ತೂ ಅದಕ್ಕೇ ಸೇರಿಕೊಳ್ಳುತ್ತದೆ. ಮಲಬದ್ಧತೆ, ಮೂತ್ರದ ಸೋಂಕು ಬರುವುದು ಹೀಗೆ ತಡೆದುಕೊಳ್ಳುವುದರಿಂದಲೂ ಹೌದು.

## ಹಂತ 4: ದಾರಿ ಮತ್ತು ವಾಹನದ ಸುರಕ್ಷತೆ

ನಡೆದು ಹೋಗುವ ದಾರಿಯಾದರೆ ಮಗುವಿನ ಕಣ್ಣಿನ ಎತ್ತರಕ್ಕೆ ಬಾಗಿ ನೋಡಿ. ನಿಂತ ಕಾರುಗಳ ಹಿಂದಿನಿಂದ ರಸ್ತೆ ಅದಕ್ಕೆ ಕಾಣುವುದಿಲ್ಲ, ಚಾಲಕನಿಗೆ ಮಗುವೂ ಕಾಣುವುದಿಲ್ಲ. ಬರುತ್ತಿರುವ ವಾಹನದ ವೇಗ ಅಂದಾಜಿಸುವ ಶಕ್ತಿ ಪ್ರಾಥಮಿಕ ತರಗತಿಯ ಮಕ್ಕಳಲ್ಲಿ ಇನ್ನೂ ಬೆಳೆಯುತ್ತಿರುತ್ತದೆ. ಹಾಗಾಗಿ ಸಿಗ್ನಲ್ ಇಲ್ಲದ ಒಂದು ದೊಡ್ಡ ರಸ್ತೆ ದಾಟಬೇಕಾದ ‘ಹತ್ತಿರದ’ ಶಾಲೆಗಿಂತ ಪಾದಚಾರಿ ಮಾರ್ಗವಿರುವ ಒಂದು ಕಿಲೋಮೀಟರ್ ದೂರದ ಶಾಲೆ ಎಷ್ಟೋ ಮೇಲು. ಹೊತ್ತು ನಡೆಯುವ ಬ್ಯಾಗನ್ನೂ ತೂಗಿ. ಮಗುವಿನ ತೂಕದ ಶೇಕಡ 10ರಿಂದ 15ರೊಳಗೆ ಇರಲಿ ಎನ್ನುವುದು ಸಾಮಾನ್ಯ ಸಲಹೆ. 20 ಕಿಲೋ ತೂಗುವ ಮಗುವಿಗೆ 2ರಿಂದ 3 ಕಿಲೋ.

ವ್ಯಾನ್ ಅಥವಾ ಬಸ್ಸಿನ ವಿಷಯದಲ್ಲಿ ಕೇಳಿ ನಂಬಬೇಡಿ, ಹೋಗಿ ನೋಡಿ. ಬೆಳಗ್ಗೆ ಗೇಟಿನ ಬಳಿ ನಿಂತರೆ ಹತ್ತು ನಿಮಿಷದಲ್ಲಿ ಎಲ್ಲ ಗೊತ್ತಾಗುತ್ತದೆ:

- ಒಂದು ಸೀಟಿಗೆ ಒಂದೇ ಮಗುವೇ, ತೊಡೆಯ ಮೇಲೆ ಕೂತವರೂ ಇದ್ದಾರೆಯೇ?
- ಸೀಟ್ ಬೆಲ್ಟ್ ಇದ್ದರೆ ಅದನ್ನು ಹಾಕಿಸುವವರು ಯಾರು? ದೊಡ್ಡವರ ಬೆಲ್ಟ್ ಕುಳ್ಳ ಮಗುವಿನ ಕುತ್ತಿಗೆಗೂ ಹೊಟ್ಟೆಗೂ ಬಿಗಿಯುತ್ತದೆ. ಎತ್ತರಿಸುವ ಸೀಟು ಇದೆಯೇ?
- ಚಾಲಕನ ಹೊರತು ಇನ್ನೊಬ್ಬ ಹಿರಿಯರು ಇದ್ದಾರೆಯೇ?
- ಎಲ್ಲರೂ ಇಳಿದ ಮೇಲೆ ಯಾರಾದರೂ ಕೊನೆಯ ಸೀಟಿನವರೆಗೆ ನಡೆದು ನೋಡುತ್ತಾರೆಯೇ?

ಕೊನೆಯದು ಬಹಳ ಮುಖ್ಯ. ನಿದ್ದೆ ಹೋದ ಮಗು ಮುಚ್ಚಿದ ವಾಹನದಲ್ಲಿ ಉಳಿದು ಬಿಸಿಲಿಗೆ ಸಿಕ್ಕುವುದು ಪ್ರಾಣಕ್ಕೇ ಅಪಾಯ. ಬಸ್ಸಿನ ಮುಂದೆ, ಹಿಂದೆ ಚಾಲಕನಿಗೆ ಕಾಣದ ಜಾಗವಿರುತ್ತದೆ. ಇಳಿದ ಮಗು ಅಲ್ಲಿಂದಲೇ ರಸ್ತೆ ದಾಟಬೇಕಾದ ನಿಲ್ದಾಣವನ್ನು ಒಪ್ಪಿಕೊಳ್ಳಬೇಡಿ. ಮನೆಯಿರುವ ಬದಿಯಲ್ಲೇ ಇಳಿಸಲು ಹೇಳಿ.

ಹಗಲು ಹನ್ನೊಂದಕ್ಕೆ ‘ಮಗುವಿಗೆ ಜ್ವರ, ಬನ್ನಿ’ ಎಂದು ಕರೆ ಬಂದರೆ ಯಾರು, ಎಷ್ಟು ಹೊತ್ತಿನಲ್ಲಿ ತಲುಪುತ್ತಾರೆ ಎಂದು ಬರೆದುಕೊಳ್ಳಿ. ಹಾಗೆ ಹೋಗಬಲ್ಲ ಇಬ್ಬರ ಹೆಸರು ಸಿಗದಿದ್ದರೆ ದೂರದ ಶಾಲೆಯ ಯೋಜನೆ ಇನ್ನೂ ಸಿದ್ಧವಾಗಿಲ್ಲ.

## ಹಂತ 5: ಎರಡೂ ಶಾಲೆಗಳನ್ನು ಒಂದೇ ವಾರದಲ್ಲಿ ನೋಡಿ

ಪ್ರದರ್ಶನದ ದಿನ, ವಾರ್ಷಿಕೋತ್ಸವ ಬೇಡ. ಮಾಮೂಲು ದಿನದಲ್ಲಿ, ಎರಡನ್ನೂ ಒಂದೇ ಹೊತ್ತಿಗೆ ನೋಡಿದರೆ ಹೋಲಿಕೆ ನ್ಯಾಯವಾಗಿರುತ್ತದೆ. ಒಂದನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿಗೂ ಇನ್ನೊಂದನ್ನು ದಣಿದ ಕೊನೆಯ ಅವಧಿಯಲ್ಲೂ ನೋಡಿ ಹೋಲಿಸುವವರಿದ್ದಾರೆ.

ನಿಮ್ಮ ಮಗು ಕೂರುವ ತರಗತಿಯನ್ನೇ ತೋರಿಸಲು ಕೇಳಿ. ಕಂಪ್ಯೂಟರ್ ಕೋಣೆ, ಸಭಾಂಗಣ ಆಮೇಲೆ. ಹಿಂದಿನ ಬೆಂಚಿನ ಮಕ್ಕಳು ಏನು ಮಾಡುತ್ತಿದ್ದಾರೆ ನೋಡಿ. ಮುಂದಿನವರು ಎಲ್ಲ ಶಾಲೆಗಳಲ್ಲೂ ಕೈ ಎತ್ತುತ್ತಾರೆ.

ಸಾಧ್ಯವಾದರೆ ಒಂದೇ ತರಗತಿಯ ಮೂರ್ನಾಲ್ಕು ನೋಟ್‌ಬುಕ್ ಪಕ್ಕಪಕ್ಕದಲ್ಲಿಟ್ಟು ನೋಡಿ. ಎಲ್ಲದರಲ್ಲೂ ಅದೇ ವಾಕ್ಯ, ಅದೇ ಚಿತ್ರ ಇದ್ದರೆ ಮಕ್ಕಳು ಬೋರ್ಡು ನೋಡಿ ನಕಲಿಸುತ್ತಿದ್ದಾರೆ. ಉತ್ತರಗಳು ಬೇರೆ ಬೇರೆ ಇದ್ದು, ತಪ್ಪಿನ ಪಕ್ಕ ಶಿಕ್ಷಕರ ತಿದ್ದುಪಡಿ, ಅದರ ಕೆಳಗೆ ಮಗುವಿನ ಮರುಪ್ರಯತ್ನ ಕಂಡರೆ ಅಲ್ಲಿ ಪಾಠ ನಡೆಯುತ್ತಿದೆ. ಅಂದವಾದ ಅಕ್ಷರಕ್ಕೆ ಮರುಳಾಗಬೇಡಿ.

ಮುಖ್ಯ ಶಿಕ್ಷಕರಿಗೆ ಮೂರು ಪ್ರಶ್ನೆ ಸಾಕು. ಚಿಕ್ಕ ತರಗತಿಗಳ ಶಿಕ್ಷಕರಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲೇ ಇರುವವರು ಎಷ್ಟು ಜನ? ಎರಡನೇ ತರಗತಿ ಮುಗಿದರೂ ಓದಲು ಬಾರದ ಮಗುವಿಗೆ ಏನು ಮಾಡುತ್ತೀರಿ? ಶಿಕ್ಷಕರು ರಜೆ ಹಾಕಿದ ದಿನ ತರಗತಿ ಯಾರು ನೋಡಿಕೊಳ್ಳುತ್ತಾರೆ? ಎರಡನೆಯದಕ್ಕೆ ‘ನಮ್ಮಲ್ಲಿ ಅಂಥ ಮಕ್ಕಳೇ ಇಲ್ಲ’ ಎಂದು ಉತ್ತರ ಬಂದರೆ ಎಚ್ಚರ. ಪ್ರತಿ ಶಾಲೆಯಲ್ಲೂ ಅಂಥ ಮಕ್ಕಳಿರುತ್ತಾರೆ. ಇಲ್ಲ ಎನ್ನುವವರು ಅವರನ್ನು ಗಮನಿಸಿಲ್ಲ, ಇಲ್ಲವೇ ಸಾಗಹಾಕಿದ್ದಾರೆ.

ಶೌಚಾಲಯದಲ್ಲಿ ನೀರು, ಚಿಲಕ, ಸಾಬೂನು ನೋಡಿ. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಕಾಲು ಗಂಟೆ ನಿಲ್ಲಿ: ಚಿಕ್ಕ ಮಕ್ಕಳನ್ನು ಹಿರಿಯರ ಕೈಗೇ ಒಪ್ಪಿಸುತ್ತಾರೆಯೇ, ಗೇಟು ತೆರೆದು ಬಿಟ್ಟುಬಿಡುತ್ತಾರೆಯೇ? ಅಲ್ಲಿ ನಿಂತ ಪೋಷಕರನ್ನು ‘ಶಾಲೆ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ, ಅಷ್ಟೇ. ‘ನೀವು ಕಡೆಯ ಸಲ ಏನು ದೂರು ಹೇಳಿದ್ದಿರಿ, ಅದಕ್ಕೆ ಏನು ಮಾಡಿದರು’ ಎಂದು ಕೇಳಿ.

ದೊಡ್ಡ ತರಗತಿಗಳ ಪರೀಕ್ಷಾ ಫಲಿತಾಂಶ ನೋಡಿ ಪ್ರಾಥಮಿಕ ವಿಭಾಗವನ್ನು ಅಳೆಯುವುದು ಹಳೆಯ ತಪ್ಪು. ಕಲಿಸುವವರು ಬೇರೆ, ನಡುವೆ ಹೊಸದಾಗಿ ಆಯ್ದು ಸೇರಿಸಿಕೊಂಡ ಮಕ್ಕಳೂ ಇರಬಹುದು.

## ಹಂತ 6: ದೂರಕ್ಕೆ ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

‘ದೂರದ ಶಾಲೆಗೆ ಕಳಿಸುತ್ತೇವೆ, ಏಕೆಂದರೆ…’ ಎಂದು ಶುರು ಮಾಡಿ ಮುಗಿಸಿ. ವಾಕ್ಯ ನಿಮ್ಮ ಮಗುವಿನ ಬಗ್ಗೆ, ಈ ವರ್ಷದ ಬಗ್ಗೆ ಇರಬೇಕು.

ಗಟ್ಟಿ ಕಾರಣಗಳು ಇವೆ. ಮಗುವಿಗೆ ಕೇಳುವ, ನೋಡುವ, ಮಾತಿನ ಅಥವಾ ಕಲಿಕೆಯ ತೊಂದರೆಯಿದ್ದು ಅದಕ್ಕೆ ತರಬೇತಾದ ಶಿಕ್ಷಕರು ದೂರದ ಶಾಲೆಯಲ್ಲಷ್ಟೇ ಇದ್ದಾರೆ. ಮನೆಮಾತಿನಲ್ಲಿ ಪಾಠ ಅಲ್ಲಿ ಮಾತ್ರ. ಹತ್ತಿರದ ಶಾಲೆಯಲ್ಲಿ ಹಲವು ತರಗತಿಗೆ ಒಬ್ಬರೇ ಶಿಕ್ಷಕರು, ಅವರೂ ಆಗಾಗ ಇರುವುದಿಲ್ಲ. ಅಲ್ಲಿ ಮಕ್ಕಳಿಗೆ ಹೊಡೆಯುತ್ತಾರೆ. ಒಡಹುಟ್ಟಿದವರು ದೂರದಲ್ಲೇ ಓದುತ್ತಿದ್ದಾರೆ, ಹೇಗೂ ದಿನಾ ಹೋಗಬೇಕು. ಹೊಡೆತ, ಅವಮಾನದ ಮಾತು ನಿಜವೆಂದು ಖಚಿತವಾದರೆ ಮುಂದಿನ ಲೆಕ್ಕಾಚಾರವೇ ಬೇಡ, ಆ ಶಾಲೆ ಪಟ್ಟಿಯಿಂದ ಹೊರಗೆ.

ಹೆಸರು, ಕಟ್ಟಡ, ಈಜುಕೊಳ, ನೆರೆಮನೆಯವರು ಸೇರಿಸಿದ್ದಾರೆ ಎನ್ನುವುದು ಇವು ಸೋರುವ ಕಾರಣಗಳು. ‘ನನ್ನ ಕಚೇರಿಯ ದಾರಿಯಲ್ಲೇ ಇದೆ’ ಎನ್ನುವುದು ಒಳ್ಳೆಯ ಕಾರಣವೇ, ಕೆಲಸ ಬದಲಾಗುವ ದಿನದವರೆಗೆ. ಅದು ಬದಲಾದರೆ ಏನು ಮಾಡುತ್ತೀರಿ ಎಂದೂ ಬರೆದಿಡಿ.

ಕಾರಣ ಬರೆದ ಮೇಲೆ ಇನ್ನೊಂದು ಪ್ರಶ್ನೆ: ಹತ್ತಿರದ ಶಾಲೆಯ ಈ ಕೊರತೆಯನ್ನು ಪ್ರಯಾಣದಲ್ಲಿ ಉಳಿದ ಗಂಟೆಗಳಲ್ಲಿ ಮನೆಯಲ್ಲೇ ತುಂಬಬಹುದೇ? ಓದಲು ಪುಸ್ತಕ ಕಡಿಮೆ, ಚಿತ್ರಕಲೆ ಇಲ್ಲ, ಆಟದ ಮೈದಾನ ಚಿಕ್ಕದು ಇಂಥವನ್ನು ತುಂಬಬಹುದು. ಪಾಠ ಮಾಡದ ಶಿಕ್ಷಕರನ್ನು, ಹೆದರಿಕೆಯನ್ನು ಮನೆಯಲ್ಲಿ ಕೂತು ಸರಿಮಾಡಲಾಗದು.

ಗೆಳೆಯರ ಲೆಕ್ಕವನ್ನೂ ಮರೆಯಬೇಡಿ. ದೂರದ ಶಾಲೆಯ ಗೆಳೆಯರ ಮನೆಗಳೂ ಊರೆಲ್ಲ ಹರಡಿರುತ್ತವೆ. ಭಾನುವಾರದ ಆಟಕ್ಕೂ ದೊಡ್ಡವರು ಗಾಡಿ ತೆಗೆಯಬೇಕು.

## ಹಂತ 7: ಹಣದ ಪೂರ್ತಿ ಲೆಕ್ಕ

ಶುಲ್ಕ ಮಾತ್ರ ಹೋಲಿಸಿದರೆ ಅರ್ಧ ಲೆಕ್ಕ. ವಾಹನದ ಹಣ ರಜೆಯ ತಿಂಗಳಿಗೂ ಕಟ್ಟಬೇಕೇ, ವರ್ಷದ ನಡುವೆ ಏರುತ್ತದೆಯೇ, ವ್ಯಾನ್ ಬಾರದ ದಿನ ಖರ್ಚು ಯಾರದು, ಶಾಲೆ ಬಿಟ್ಟರೆ ಎಷ್ಟು ಹಿಂದಿರುಗಿಸುತ್ತಾರೆ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಕರೆತರಲೆಂದು ಯಾರಾದರೂ ಕೆಲಸದ ಹೊತ್ತು ಕಡಿಮೆ ಮಾಡಿಕೊಳ್ಳಬೇಕಾದರೆ ಆ ನಷ್ಟವೂ ಶುಲ್ಕವೇ.

## ಹಂತ 8: ಐದು ದಿನದ ತಾಲೀಮು

ಅರ್ಜಿ ಅಂತಿಮವಾಗುವ ಮೊದಲು ಸತತ ಐದು ಕೆಲಸದ ದಿನ ದೂರದ ಶಾಲೆಯ ದಿನಚರಿಯನ್ನೇ ನಡೆಸಿ. ಅದೇ ಹೊತ್ತಿಗೆ ಎಬ್ಬಿಸಿ, ತಿನ್ನಿಸಿ, ಗೇಟಿನವರೆಗೆ ಹೋಗಿ ಬನ್ನಿ. ರಾತ್ರಿ ಅದೇ ಹೊತ್ತಿಗೆ ಮಲಗಿಸಿ. ಮೊದಲ ಎರಡು ದಿನ ಮಗುವಿಗೆ ಹೊಸತನದ ಹುರುಪು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾಲ್ಕನೇ, ಐದನೇ ದಿನ ನೋಡಿ: ತಾನಾಗಿ ಏಳುತ್ತದೆಯೇ, ಬೆಳಗಿನ ತಿಂಡಿ ಸೇರುತ್ತದೆಯೇ, ಹಿಂದಿರುಗುವಾಗ ನಿದ್ದೆ ಹೋಗುತ್ತದೆಯೇ? ನಿಮ್ಮನ್ನೂ ನೋಡಿಕೊಳ್ಳಿ. ಐದನೇ ದಿನಕ್ಕೇ ಸಿಡುಕು ಬಂದಿದ್ದರೆ ಇನ್ನೂರನೇ ದಿನಕ್ಕೆ ಹೇಗಿರುತ್ತೀರಿ?

## ಹಂತ 9: ತೀರ್ಮಾನ

ಅಂಕ ಕೊಟ್ಟು ಕೂಡಿಸುವ ಪಟ್ಟಿಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಗ್ರಂಥಾಲಯಕ್ಕೆ 8, ಮೈದಾನಕ್ಕೆ 9 ಕೊಟ್ಟು ಒಟ್ಟು ಹೆಚ್ಚಾದಾಗ ಬಾಗಿಲು ಸರಿಯಾಗಿ ಮುಚ್ಚದ ವ್ಯಾನು ಅದರಡಿ ಮರೆಯಾಗುತ್ತದೆ. ಮೊದಲು ತಳ್ಳಿಹಾಕುವ ಷರತ್ತುಗಳನ್ನು ಹಚ್ಚಿ: ನಿದ್ದೆ 9 ಗಂಟೆಗಿಂತ ಕಡಿಮೆಯಾಗುತ್ತದೆ, ವಾಹನ ಸುರಕ್ಷಿತವಲ್ಲ, ಶಿಕ್ಷೆಯ ಭಯವಿದೆ, ತುರ್ತಿಗೆ ಹೋಗುವವರಿಲ್ಲ. ಇದರಲ್ಲಿ ಒಂದು ತಗುಲಿದರೂ, ಅದನ್ನು ಸರಿಪಡಿಸುವವರೆಗೆ ಆ ಶಾಲೆ ಬೇಡ. ಎರಡೂ ಉಳಿದರೆ ಹಂತ 6ರ ವಾಕ್ಯ ಓದಿ. ವಾಕ್ಯ ಗಟ್ಟಿಯಾಗಿಲ್ಲದಿದ್ದರೆ ಹತ್ತಿರದ್ದು.

ಮನೆಯ ಇಬ್ಬರು ಹಿರಿಯರಿಗೆ ಒಮ್ಮತ ಬಾರದಿದ್ದರೆ, ದಿನಾ ಬೆಳಗ್ಗೆ ಎಬ್ಬಿಸಿ ಹೊರಡಿಸುವವರ ಮಾತಿಗೆ ತೂಕ ಹೆಚ್ಚು. ಮಗುವನ್ನು ಕೇಳಿ, ಆದರೆ ‘ಯಾವ ಶಾಲೆ ಬೇಕು’ ಎಂದು ಹೊರೆ ಹೊರಿಸಬೇಡಿ. ‘ಅಲ್ಲಿ ಏನು ಇಷ್ಟವಾಯಿತು, ಏನು ಹೆದರಿಕೆಯಾಯಿತು’ ಎಂದರೆ ಉಪಯೋಗದ ಉತ್ತರ ಬರುತ್ತದೆ.

## ಹಂತ 10: ಸೇರಿದ ಮೇಲೆ ಗಮನಿಸಬೇಕಾದ್ದು

ಯಾವ ಶಾಲೆಯಾದರೂ ಮೊದಲ ಆರೇಳು ವಾರ ಅಳು, ಸುಸ್ತು ಸಹಜ. ಆಮೇಲೂ ಉಳಿದರೆ, ಮುಖ್ಯವಾಗಿ ಭಾನುವಾರ ಸಂಜೆ ಹೊಟ್ಟೆನೋವು, ರಜೆಯಲ್ಲಿ ಪೂರ್ತಿ ಮಾಯವಾಗುವ ತಲೆನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು ಇವು ಕಂಡರೆ ಕಾರಣ ಹುಡುಕಿ. ನೋವು ನಿಜವಾದ ಕಾಯಿಲೆಯೂ ಆಗಿರಬಹುದು. ಮೊದಲು ವೈದ್ಯರಿಗೆ ತೋರಿಸಿ.

ತೊಂದರೆ ದಾರಿಯದೋ ಶಾಲೆಯದೋ ಎಂದು ಬೇರ್ಪಡಿಸಲು ಒಂದು ವಾರ ವ್ಯಾನ್ ಬಿಡಿಸಿ ನೀವೇ ನೇರವಾಗಿ ಬಿಟ್ಟು ಕರೆತನ್ನಿ. ಮಗು ಗೆಲುವಾದರೆ ಮಾರ್ಗ, ನಿಲ್ದಾಣ ಅಥವಾ ವಾಹನ ಬದಲಿಸಿದರೆ ಸಾಕಾದೀತು. ಆಗದಿದ್ದರೆ ತರಗತಿ ಶಿಕ್ಷಕರೊಡನೆ ಕೂತು ಮಾತಾಡಿ.

ಶಾಲೆ ಬದಲಿಸಲೇಬೇಕೆಂದಾದರೆ, ಅಪಾಯವಿಲ್ಲದಿದ್ದಲ್ಲಿ ವರ್ಷದ ಕೊನೆಯವರೆಗೆ ಕಾಯಿರಿ; ಅಪಾಯವಿದ್ದರೆ ಒಂದು ದಿನವೂ ಬೇಡ. ಹತ್ತಿರದ ಶಾಲೆಯಲ್ಲಿ ನಡುವರ್ಷದ ಪ್ರವೇಶಕ್ಕೆ ಏನು ನಿಯಮ ಎಂದು ಮೊದಲೇ ವಿಚಾರಿಸಿ, ಅಲ್ಲಿ ಸೀಟು ಬರವಣಿಗೆಯಲ್ಲಿ ಖಚಿತವಾದ ಮೇಲೆಯೇ ಇಲ್ಲಿ ವರ್ಗಾವಣೆ ಪತ್ರಕ್ಕೆ ಅರ್ಜಿ ಕೊಡಿ. ಅಂಕಪಟ್ಟಿ, ಹಾಜರಾತಿಯ ವಿವರದ ಜೊತೆ ಆ ವರ್ಷದ ನೋಟ್‌ಬುಕ್‌ಗಳನ್ನೂ ತೆಗೆದಿಟ್ಟುಕೊಳ್ಳಿ. ಮಗು ಎಲ್ಲಿಯವರೆಗೆ ಕಲಿತಿದೆ ಎಂದು ಹೊಸ ಶಿಕ್ಷಕರಿಗೆ ಅಂಕಪಟ್ಟಿಗಿಂತ ಅವುಗಳಿಂದಲೇ ಚೆನ್ನಾಗಿ ತಿಳಿಯುತ್ತದೆ.